ಪವನಾ ಹಿನ್ನೀರಿನಲ್ಲಿ ಗುಮಾಸ್ತರ ಹೆಗಲು

ನಮ್ಮ ವಾಕಡಕ್ಕೆ ನದಿಗಳು ಎರಡು: ದಕ್ಷಿಣಕ್ಕೆ ಮುಳಾ, ಉತ್ತರಕ್ಕೆ ಪವನಾ. ದಾಪೋಡಿಯ ಬಳಿ ಇವೆರಡೂ ಕೂಡಿ, ಪುಣೆಯಲ್ಲಿ ಮುಠೆಯನ್ನೂ ಸೇರಿಸಿಕೊಂಡು ಭೀಮೆಗೆ ಬೀಳುತ್ತವೆ. ಭೀಮೆ ಹರಿದುಹೋಗುವುದು ನಮ್ಮ ಕಲಬುರಗಿಯ ಸೀಮೆಗೇ. ಬೆಂಗಳೂರಿನ ಹೆದ್ದಾರಿಯೂ ಊರ ಪಕ್ಕದಲ್ಲೇ ಉಂಟು. ಇಷ್ಟಿರುವಾಗ ಇಲ್ಲಿಯ ಕನ್ನಡಿಗರು ತಮ್ಮನ್ನು ಪರದೇಶಿಗಳೆಂದುಕೊಳ್ಳಲು ಕಾರಣವಿಲ್ಲ.

ಆದರೆ ವಾಕಡದಲ್ಲೇ ದೋಣಿ ಇಳಿಸೋಣವೆಂದರೆ ಆಗದು. ಕೆಳಗೆ ಚರಂಡಿಯ ನೀರು, ಮೇಲೆ ಮರಾಠಿಗರು ಜಲಪರ್ಣಿ ಎನ್ನುವ ಕಳೆಯ ಹಚ್ಚಡ. ಆದುದರಿಂದ ನಮ್ಮ ಐದಾರು ಸಂಸಾರಗಳು ಕಾಮಶೇತದ ಬಳಿ ಎಡಕ್ಕೆ ತಿರುಗಿ ಪವನಾ ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತೇವೆ. ಸುತ್ತಲೂ ಲೋಹಗಡ, ತುಂಗ, ತಿಕೋನಾ ಕೋಟೆಗಳು, ನಡುವೆ ತಿಳಿನೀರು. ಅಲ್ಲಿ ನಾವು ನಡೆಸುವುದು ಕಯಾಕ್ ಎಂಬ ಕಿರುದೋಣಿ. ಹಿಮಪ್ರದೇಶದ ಇನ್ಯೂಟ್ ಜನರು ಬೇಟೆಗಾಗಿ ಹಂದರ ಕಟ್ಟಿ ತೊಗಲು ಹೊದಿಸಿದ ದೋಣಿ ಇದು. ಬಿದಿರ ಬುಟ್ಟಿಗೆ ತೊಗಲು ಹೊದಿಸುತ್ತಿದ್ದ ತುಂಗಭದ್ರೆಯ ಹರಿಗೋಲಿಗೆ ದೂರದ ನೆಂಟನಂತೆ ಕಾಣುತ್ತದೆ. ಈಗಿನದು ಪ್ಲಾಸ್ಟಿಕ್ಕಿನದು, ಎರಡು ತುದಿಗೂ ಅಲಗಿರುವ ಒಂದೇ ಹುಟ್ಟು.

ಮಳೆಗಾಲದ ನಾಲ್ಕು ತಿಂಗಳು ನಾವು ನೀರಿಗಿಳಿಯುವುದಿಲ್ಲ. ಹೆಗಲಿಗೆ ಗಂಡಾಂತರ ಬರುವುದು ದೀಪಾವಳಿ ಕಳೆದ ಮೊದಲ ಭಾನುವಾರ. ಹಿಂದಿನ ವರ್ಷ ನಮ್ಮವರೊಬ್ಬರು, ಹುಬ್ಬಳ್ಳಿಯವರು, ಅಂದೇ ಎದುರುಗಾಳಿಯಲ್ಲಿ ಎರಡು ತಾಸು ಹುಟ್ಟು ಹಾಕಿದರು. ರಾತ್ರಿ ಬಲಮಗ್ಗುಲಿಗೆ ಮಲಗಲಾಗಲಿಲ್ಲ. ಮೂರು ತಿಂಗಳು ತಲೆ ಬಾಚಲು ಕೈ ಏಳಲಿಲ್ಲ. ಅವರ ಪುಟ್ಟ ಮಗಳು ಎತ್ತಿಕೋ ಎನ್ನಲು ಅಪ್ಪನ ಎಡಗಡೆಗೇ ಬಂದು ನಿಲ್ಲುವುದನ್ನು ಕಲಿತಳು.

ಹೆಗಲ ಕೀಲಿನ ರಚನೆಯೇ ಹಾಗೆ. ತೋಳೆಲುಬಿನ ಗುಂಡು ದೊಡ್ಡದು, ಅದು ಕೂರುವ ಗುಳಿ ಸಣ್ಣದು. ಸಾಸರಿನ ಮೇಲೆ ಲಾಡು ಇಟ್ಟಂತೆ. ಉರುಳದಂತೆ ಹಿಡಿದಿರುವುದರಲ್ಲಿ ನಾಲ್ಕು ಸಣ್ಣ ಸ್ನಾಯುಗಳ ಪಾಲು ದೊಡ್ಡದು. ಬಿಟ್ಟ ಅಭ್ಯಾಸ ಮತ್ತೆ ಹಿಡಿದಾಗ ಸ್ನಾಯುಗಳು ಬೇಗ ಬಲಗೊಳ್ಳುತ್ತವೆ. ಅವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ಹೆಚ್ಚು ಕಾಲ ಬೇಕು. ಮೊದಲ ದಿನದ ಉತ್ಸಾಹವನ್ನು ನಂಬಬಾರದೆನ್ನುವುದು ಇದಕ್ಕೇ. ಮೇಲಾಗಿ ನಾವು ಕಚೇರಿಯವರು ಹಗಲೆಲ್ಲ ಕಂಪ್ಯೂಟರಿನ ಮುಂದೆ ಬೆನ್ನು ಬಾಗಿಸಿ ಕೂರುವವರು. ಹಾಗೆ ಬಾಗಿ ಕುಳಿತು ಕೈ ಮೇಲೆತ್ತಿ ನೋಡಿ, ಬಳಿಕ ನೆಟ್ಟಗೆ ಕುಳಿತು ಎತ್ತಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ದೋಣಿಯಲ್ಲೂ ನೆಟ್ಟಗೇ ಕೂರಬೇಕು.

ಹುಟ್ಟು ಹಾಕುವುದು ತೋಳಿನ ಕೆಲಸವೆಂಬುದು ಬರಿಯ ಭ್ರಮೆ. ನಮ್ಮ ಅಜ್ಜಿಯರು ಬೀಸುವಾಗ ಮೈಯೆಲ್ಲ ತೂಗುತ್ತಿತ್ತು. ತೋಳೊಂದನ್ನೇ ನಂಬಿದ್ದರೆ ಸೇರು ಜೋಳವೂ ಹಿಟ್ಟಾಗುತ್ತಿರಲಿಲ್ಲ. ಇಲ್ಲಿಯೂ ಪಾದಗಳನ್ನು ಒತ್ತಿ, ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸಬೇಕು. ಅಲಗು ಕಾಲ್ಬೆರಳ ಬಳಿ ನೀರಿಗಿಳಿದು ಸೊಂಟದ ಬಳಿ ಮೇಲೇಳಬೇಕು. ಅದಕ್ಕೂ ಹಿಂದಕ್ಕೆ ಎಳೆದರೆ ಹೆಗಲಿಗೆ ಶ್ರಮ, ದೋಣಿಗೆ ಲಾಭವಿಲ್ಲ. ಕೈ ಭುಜಕ್ಕಿಂತ ಮೇಲೇರಬಾರದು. ಬೆರಳು ಬಿಳಿಚುವಂತೆ ಹಿಡಿಯಲೂಬಾರದು. ದೋಣಿ ವಾಲಿದಾಗ ಕೈಯನ್ನು ಮೇಲಕ್ಕೆ, ಹಿಂದಕ್ಕೆ ಚಾಚುವುದು ಎಲ್ಲಕ್ಕಿಂತ ಕೆಟ್ಟದ್ದು. ಕೀಲು ತಪ್ಪುವುದು ಆಗಲೇ. ಮೊಣಕೈ ಪಕ್ಕೆಯ ಬಳಿಯೇ ಇರಲಿ.

ದಾಪೋಡಿಯಲ್ಲಿ ಸೈನ್ಯದ ದೋಣಿ ತರಬೇತಿ ಕೇಂದ್ರವಿದೆ. ಅಲ್ಲಿ ಪಳಗಿದ ದತ್ತು ಭೋಕನಳ ೨೦೧೬ರ ರಿಯೋ ಒಲಿಂಪಿಕ್ಸಿನಲ್ಲಿ ೧೩ನೆಯವರಾದರು. ಅವರದು ಬೆನ್ನು ಮುಂದಾಗಿ ಸಾಗುವ ಬೇರೆ ಬಗೆಯ ದೋಣಿ. ಆದರೂ ಬಲ ಹುಟ್ಟುವುದು ಕಾಲು, ಬೆನ್ನುಗಳಿಂದಲೇ.

ಈ ವರ್ಷ ನವರಾತ್ರಿಯಿಂದಲೇ ನಾವೆಲ್ಲ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ದಿನ ಬಿಟ್ಟು ದಿನ ಎಳೆದೆವು. ಮನೆಯವರು ನಕ್ಕರು. ಮೊದಲ ದಿನ, ಜೀವರಕ್ಷಕ ಅಂಗಿ ತೊಟ್ಟು, ದಡದ ಹತ್ತಿರ ಅರ್ಧ ತಾಸು ಮಾತ್ರ. ಮೊದಲು ಗಾಳಿಗೆ ಎದುರಾಗಿ ಹೋದೆವು, ದಣಿದು ಮರಳುವಾಗ ಗಾಳಿಯೇ ತಳ್ಳಲೆಂದು. ದೋಣಿಯನ್ನು ಕಾರಿನ ಮೇಲೇರಿಸಲು ಇಬ್ಬಿಬ್ಬರು. ನೀರಿನಲ್ಲಿ ಉಳಿದ ಹೆಗಲು ಅಲ್ಲಿ ಉಳುಕಬಾರದಷ್ಟೆ. ಮರುದಿನದ ಮೈಕೈನೋವು ಸಹಜ. ಕೈ ಎತ್ತುವಾಗ ಚುಚ್ಚಿದರೆ, ರಾತ್ರಿ ನಿದ್ದೆ ಕೆಡಿಸಿದರೆ, ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

ಹುಬ್ಬಳ್ಳಿಯವರೂ ಬಂದಿದ್ದರು. ಇಪ್ಪತ್ತು ನಿಮಿಷಕ್ಕೇ ದಡ ಸೇರಿ, ರೊಟ್ಟಿಯ ಗಂಟು ಬಿಚ್ಚಿ, ಮಗಳನ್ನು ಬಲತೊಡೆಯ ಮೇಲೆ ಕೂರಿಸಿಕೊಂಡು ನಮ್ಮ ದಾರಿ ನೋಡುತ್ತಿದ್ದರು.