ಹಾಲು ಉಕ್ಕಿಸಿದ ಸಂಜೆ

"ಅಮ್ಮಾ, ಇವತ್ತಿಗೆ ಎಮರ್ಜೆನ್ಸಿ ಮುಗೀತು ನೋಡು" ಎಂದ ಮಗ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. ನಾನು ಹುರುಳೀಕಾಯಿಯ ನಾರು ತೆಗೆಯುತ್ತಾ ಕೂತಿದ್ದೆ. ಎಮರ್ಜೆನ್ಸಿ ಅಂದರೆ ನನ್ನ ಓರಗೆಯವರಿಗೆಲ್ಲ ಒಂದೇ. "ಅದು ಮುಗಿದು ನಲವತ್ತಾರು ವರ್ಷ ಆಯ್ತಲ್ಲೋ, ಇಂದಿರಾಗಾಂಧಿ ಸೋತಾಗಲೇ" ಅಂದೆ. ಅವನು ನಕ್ಕ. ಸೊಸೆಯೂ ನಕ್ಕಳು. ನನಗೂ ಆಮೇಲೆ ಹೊಳೆಯಿತು.

ಅದು 2023ರ ಫೆಬ್ರುವರಿ 28, ಮಂಗಳವಾರ. ಊರು ಸ್ಯಾನ್ ಫ್ರಾನ್ಸಿಸ್ಕೊ. ಮಗನ ಬಾಡಿಗೆ ಮನೆ ಇರುವುದು ಸನ್‌ಸೆಟ್ ಎಂಬ ಬಡಾವಣೆಯಲ್ಲಿ. ಹೆಸರು ಸೂರ್ಯಾಸ್ತವಾದರೂ ಸಮುದ್ರದ ಕಡೆಯಿಂದ ಏರಿ ಬರುವ ಮಂಜಿನಲ್ಲಿ ಎಷ್ಟೋ ದಿನ ಸೂರ್ಯ ಹುಟ್ಟಿದ್ದೂ ತಿಳಿಯುವುದಿಲ್ಲ, ಮುಳುಗಿದ್ದೂ ತಿಳಿಯುವುದಿಲ್ಲ. ಶಿವಮೊಗ್ಗದ ಬಿಸಿಲು ಬಿಟ್ಟು ಬಂದ ನಾನು ಎರಡು ಸ್ವೆಟರ್ ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದೆ.

ಮಗ ಹೇಳಿದ್ದು ಈ ನಗರದ ಕೊರೋನಾ ತುರ್ತು ಪರಿಸ್ಥಿತಿಯ ಮಾತು. ಆಗ ಇಲ್ಲಿನ ಮೇಯರ್ ಆಗಿದ್ದ ಲಂಡನ್ ಬ್ರೀಡ್ ಅದನ್ನು ಘೋಷಿಸಿದ್ದು 2020ರ ಫೆಬ್ರುವರಿ 25ರಂದು. ಅದೂ ಮಂಗಳವಾರವೇ. ಆಗಿನ್ನೂ ನಗರದ ನಿವಾಸಿಗಳಲ್ಲಿ ಒಬ್ಬರಿಗೂ ಸೋಂಕು ಖಚಿತವಾಗಿರಲಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರನ್ನೇ ಕಂಡ ನನಗೆ, ಹೊಗೆ ಕಾಣುವ ಮೊದಲೇ ಗುದ್ದಲಿ ಹಿಡಿದವರ ಮೇಲೆ ಗೌರವ ಹುಟ್ಟಿತು. ಮಾರ್ಚ್ 17ರ ಹೊತ್ತಿಗೆ ಸುತ್ತಲಿನ ಆರು ಕೌಂಟಿಗಳು ಒಟ್ಟಾಗಿ ಜನರನ್ನು ಮನೆಯೊಳಗೆ ಕೂರಿಸಿದವು. ಅಮೆರಿಕದಲ್ಲಿ ಹಾಗೆ ಮಾಡಿದವರಲ್ಲಿ ಇವರೇ ಮೊದಲಿಗರು. ಮೂರು ವರ್ಷ, ಮೇಲೆ ಮೂರು ದಿನ ಕಳೆದು ಆ ಘೋಷಣೆಗೆ ಈಗ ತೆರೆ. ಕ್ಯಾಲಿಫೋರ್ನಿಯಾ ರಾಜ್ಯದ್ದೂ ಅಂದೇ ಮುಗಿಯಿತು.

"ಮುಗಿದರೆ ಏನಾಗುತ್ತೆ?" ಎಂದು ಕೇಳಿದೆ.

"ಏನೂ ಆಗಲ್ಲ" ಎಂದ.

ಏನೂ ಆಗದಿದ್ದರೆ ಇಷ್ಟು ದಿನ ಏನಾಗುತ್ತಿತ್ತು? ಬಿಡದೆ ಕೆದಕಿದ ಮೇಲೆ ಒಂದೊಂದಾಗಿ ಹೇಳಿದ. ಎಂದಿನ ಟೆಂಡರುಗಳಿಗೆ ಕಾಯದೆ ಬೇಕಾದ್ದನ್ನು ಕೊಳ್ಳಬಹುದಿತ್ತು, ಬೇಗ ಜನರನ್ನು ನೇಮಿಸಿಕೊಳ್ಳಬಹುದಿತ್ತು. ಬೀದಿಯಲ್ಲಿ ಮಲಗುತ್ತಿದ್ದವರನ್ನು ಖಾಲಿ ಬಿದ್ದ ಹೋಟೆಲುಗಳ ಕೋಣೆಗಳಿಗೆ ಸೇರಿಸಿದ್ದರು. ದೊಡ್ಡ ದೊಡ್ಡ ಸಮ್ಮೇಳನ ನಡೆಯುವ ಮಾಸ್ಕೋನಿ ಸೆಂಟರನ್ನು ಲಸಿಕೆ ಹಾಕುವ ಜಾಗ ಮಾಡಿದ್ದರು. ನಗರಸಭೆಯ ಸದಸ್ಯರು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಸಭೆ ನಡೆಸಬಹುದಿತ್ತು. ನಾಳೆಯಿಂದ ಖುದ್ದಾಗಿ ಬಂದು ಕುರ್ಚಿಯಲ್ಲಿ ಕೂರಬೇಕು. ಇದೊಂದು ನನಗೆ ಬಹಳ ಹಿಡಿಸಿತು. ಬೆಂಗಳೂರಿನಲ್ಲಿ ಕುರ್ಚಿಗಳಿದ್ದವು, ಕೂರಲು ಕಾರ್ಪೊರೇಟರುಗಳೇ ಇರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿದ ಮೇಲೆ ಚುನಾವಣೆಯನ್ನೇ ಮಾಡಿರಲಿಲ್ಲ. ಅದಕ್ಕೆ ಯಾವ ಘೋಷಣೆಯೂ ಬೇಕಾಗಲಿಲ್ಲ.

ನಮ್ಮ ಆ ಎಮರ್ಜೆನ್ಸಿ ಬಂದ 1975ರಲ್ಲಿ ನಾನು ಡಿಗ್ರಿ ಓದುತ್ತಿದ್ದೆ. ನಮ್ಮ ಕಾಲೇಜಿನ ಮೇಷ್ಟ್ರೊಬ್ಬರು ಒಂದು ಬೆಳಿಗ್ಗೆ ಪಾಠಕ್ಕೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ. ಅಪ್ಪ ಬಿಬಿಸಿ ಹಾಕುವಾಗ ರೇಡಿಯೊಗೆ ಕಿವಿ ಹಚ್ಚಿ ಕೂರುತ್ತಿದ್ದರು. 1977ರ ಮಾರ್ಚ್ 21ರಂದು ಎಮರ್ಜೆನ್ಸಿ ಹೋಯಿತು ಎಂದು ಗೊತ್ತಾದಾಗ ಬೀದಿಯವರಿಗೆಲ್ಲ ಕಲ್ಲುಸಕ್ಕರೆ ಹಂಚಿದರು. ತಾನಾಗಿ ಕೈಗೆ ಬಂದ ಅಧಿಕಾರವನ್ನು ಯಾವ ಸರ್ಕಾರವೂ ಸುಮ್ಮನೆ ಹಿಂದಿರುಗಿಸುವುದಿಲ್ಲ ಎಂದು ನಂಬಿಕೊಂಡೇ ನಾನು ಮುದುಕಿಯಾದವಳು. ಇಲ್ಲಿ ಒಂದು ನಗರ ದಿನಾಂಕ ಹಾಕಿ, ಎರವಲು ತಂದ ಪಾತ್ರೆಯನ್ನು ತೊಳೆದು ಕೊಡುವ ಹಾಗೆ ಕೊಟ್ಟುಬಿಟ್ಟಿತು. ಆದರೆ ಕಲ್ಲುಸಕ್ಕರೆ ಹಂಚಿದವರು ಯಾರೂ ಇಲ್ಲ.

ಇದೇ ಊರಿನಲ್ಲಿ ಒಮ್ಮೆ ಹಂಚಿದ್ದರು ಅನ್ನಬಹುದು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಇಲ್ಲಿ ಮಾಸ್ಕ್ ಕಡ್ಡಾಯವಾಗಿತ್ತು, ಬಟ್ಟೆಯ ಮಾಸ್ಕು. ನವೆಂಬರ್ 21ರ ಮಧ್ಯಾಹ್ನ 12 ಗಂಟೆಗೆ ನಗರದ ಸೈರನ್ ಕೂಗಿದ್ದೇ ತಡ, ಜನ ಮುಖದ ಬಟ್ಟೆ ಕಿತ್ತು ರಸ್ತೆಗೆಸೆದು ಕುಣಿದಾಡಿದರಂತೆ. ಎರಡು ತಿಂಗಳಾಗುವುದರೊಳಗೆ ಕಾಯಿಲೆ ಮತ್ತೆ ತಲೆಯೆತ್ತಿತು. ಜನವರಿಯಲ್ಲಿ ಮಾಸ್ಕು ಮರಳಿ ಬಂತು. ಈ ಸಲ ಜನ ಒಪ್ಪಲಿಲ್ಲ. ಮಾಸ್ಕ್ ವಿರೋಧಿ ಸಂಘವನ್ನೇ ಕಟ್ಟಿ ಸಭೆ ಸೇರಿದರು. 1919ರ ಫೆಬ್ರುವರಿ 1ರಂದು ಅದೂ ಮುಗಿಯಿತು. ಈಗಿನ ಕೊರೋನಾದಲ್ಲೂ ಅಷ್ಟೇ: 2021ರ ಜೂನ್‌ನಲ್ಲಿ ಎಲ್ಲ ತೆರೆಯಿತು ಎಂದು ಹಿಗ್ಗಿದವರು ಆಗಸ್ಟಿನಲ್ಲಿ ಮತ್ತೆ ಮಾಸ್ಕು ಹುಡುಕಿದರು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ಸೈರನ್ ಕೂಗಿಸದೆ ಇದ್ದದ್ದು ಒಳ್ಳೆಯದೇ ಆಯಿತು.

ಅದಕ್ಕೂ ಹಿಂದೆ, 1900ರಲ್ಲಿ, ಇದೇ ಊರಿನ ಚೈನಾಟೌನಿಗೆ ಪ್ಲೇಗು ಬಂದಿತ್ತು. 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಮುಂಬಯಿ, 1898ರಲ್ಲಿ ಬೆಂಗಳೂರು, ಆಮೇಲೆ ಇಲ್ಲಿ: ಒಂದೇ ಮಾರಿ ಹಡಗು ಹತ್ತಿ, ರೈಲು ಹತ್ತಿ ಸುತ್ತಿದ ದಾರಿ. ಬೆಂಗಳೂರು ಇಕ್ಕಟ್ಟು ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳತ್ತ ಹರಡಿತು. ಇಲ್ಲಿ ಚೀನೀಯರ ಕೇರಿಗೆ ಸುತ್ತಲೂ ಹಗ್ಗ ಕಟ್ಟಿ, ಬಿಳಿಯರ ಅಂಗಡಿ ಮನೆಗಳನ್ನು ಮಾತ್ರ ಹೊರಗೆ ಬಿಟ್ಟರು. ಮುಂಬಯಿಯಲ್ಲಿ ವಿಜ್ಞಾನಿ ಹಾಫ್‌ಕಿನ್ ತಯಾರಿಸಿದ್ದ ಲಸಿಕೆಯನ್ನು ಚೀನೀಯರಿಗೆ ಒತ್ತಾಯದಿಂದ ಚುಚ್ಚಲು ಹೊರಟಾಗ ನ್ಯಾಯಾಲಯವೇ ತಡೆಯಬೇಕಾಯಿತು. ಆಗಿನ ಗವರ್ನರ್ ಹೆನ್ರಿ ಗೇಜ್ ಮಾತ್ರ ಪ್ಲೇಗೇ ಇಲ್ಲ ಎಂದು ಸಾಧಿಸುತ್ತಲೇ ಇದ್ದ. ಇಲ್ಲದ ಕಾಯಿಲೆ ಮುಗಿಯಿತು ಎಂದು ಅವನು ಹೇಗೆ ತಾನೇ ಹೇಳಿಯಾನು?

ಪ್ಲೇಗೆಂದರೆ ನನಗೆ ಅಜ್ಜಿ ನೆನಪಾಗುತ್ತಾಳೆ. ಅವಳು ಚಿಕ್ಕವಳಿದ್ದಾಗ ಅಟ್ಟದಿಂದ ಇಲಿ ಬಿದ್ದರೆ ಸಾಕು, ಇಡೀ ಊರು ಗಂಟುಮೂಟೆ ಕಟ್ಟಿ ಹೊಲದ ಗುಡಿಸಲಿಗೆ ಹೋಗುತ್ತಿತ್ತಂತೆ. ತಿಂಗಳುಗಟ್ಟಲೆ ಅಲ್ಲೇ ಅಡಿಗೆ, ಅಲ್ಲೇ ಬಾಣಂತನ. ನಾನು ಯಾವಾಗಲೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ವಾಪಸ್ ಬರುವುದು ಯಾವಾಗ ಅಂತ ಹೇಗೆ ಗೊತ್ತಾಗುತ್ತಿತ್ತು? "ಯಾರೋ ಹಿರೀಕರು ಸಾಕು ಅಂತಿದ್ರು ಕಣೇ. ಹೋಗಿ ಮನೆ ಗುಡಿಸಿ, ಸಾರಿಸಿ, ಸುಣ್ಣ ಹೊಡೆದು, ಒಲೆ ಮೇಲೆ ಹಾಲು ಉಕ್ಕಿಸಿದರೆ ಮುಗೀತು."

ನಮ್ಮ ಕಾಲದ ಮಾರಿಗೆ ಹಾಲು ಉಕ್ಕಿಸಿದವರನ್ನು ನಾನು ಕಾಣೆ. ಮೈಸೂರಿನಲ್ಲಿದ್ದ ನನ್ನ ಅಣ್ಣ 2021ರ ಮೇ ತಿಂಗಳಲ್ಲಿ ಹೋದ. ಬೆಂಗಳೂರಿನ ಹೊರಗೆ ಗಿಡ್ಡೇನಹಳ್ಳಿಯ ಕಲ್ಲುಕ್ವಾರಿಯಲ್ಲಿ ಸಾಲುಸಾಲಾಗಿ ಚಿತೆಗಳು ಉರಿಯುತ್ತಿದ್ದುದನ್ನು ಟಿವಿಯಲ್ಲಿ ನೋಡುತ್ತಿದ್ದ ದಿನಗಳು. ಅಣ್ಣನ ಮಗ ನೀಲಿ ಅಂಗಿಯೊಳಗೆ ಬೆವೆತು ದೂರ ನಿಂತು ಕೈಮುಗಿದನಂತೆ. ನಾನು ಶಿವಮೊಗ್ಗದಲ್ಲಿ ಫೋನು ಹಿಡಿದು ಕೂತಿದ್ದೆ. ನನ್ನ ಮಗ ಇಲ್ಲಿಂದ ಹೊರಟರೆ ಮತ್ತೆ ಒಳಗೆ ಬಿಡುವುದು ಯಾವಾಗಲೋ ತಿಳಿಯದು, ಸೋದರಮಾವನ ಮುಖ ನೋಡಲಿಲ್ಲ. ವೈಕುಂಠ ಸಮಾರಾಧನೆಗೆ ಹಾಕಿದ್ದು ನಾಲ್ಕು ಎಲೆ. ಆದರೂ ಅಣ್ಣನದು ಪುಣ್ಯ. ವಾರಸುದಾರರು ಬಾರದ ನೂರಾರು ಅಸ್ಥಿಗಳನ್ನು ಆ ಜೂನ್‌ನಲ್ಲಿ ಸರ್ಕಾರವೇ ಬೆಳಕವಾಡಿಯ ಬಳಿ ಕಾವೇರಿಗೆ ಬಿಟ್ಟಿತು.

ಸೂತಕದ ಲೆಕ್ಕ ಅತ್ತಿಗೆಯ ಮನೆಯಲ್ಲಿ ಹತ್ತು ದಿನ, ಬೇರೆ ಮನೆ ಸೇರಿದ ನನಗೆ ಮೂರು ಎಂದರು ಪುರೋಹಿತರು. ಮೂರನೆಯ ದಿನ ತಲೆಗೆ ನೀರು ಹಾಕಿಕೊಂಡು ದೇವರ ದೀಪ ಹಚ್ಚುವಾಗ ಸಿಟ್ಟು ಬಂದಿತ್ತು: ಮೂರು ದಿನಕ್ಕೆ ಅಣ್ಣ ಮುಗಿದನೇ? ಸ್ಯಾನ್ ಫ್ರಾನ್ಸಿಸ್ಕೊದ ಆ ಮಧ್ಯಾಹ್ನ ಹುರುಳೀಕಾಯಿ ಮುರಿಯುತ್ತಾ ಮೊದಲ ಸಲ ಆ ಲೆಕ್ಕದ ಮೇಲಿನ ಸಿಟ್ಟು ಇಳಿಯಿತು. ಸೂತಕ ಕಳೆಯಿತು ಎಂದರೆ ದುಃಖ ಕಳೆಯಿತು ಎಂದಲ್ಲ. ಇನ್ನು ಅಂಗಳಕ್ಕೆ ನೀರು ಹಾಕು, ರಂಗೋಲಿ ಇಡು, ಅಂಗಡಿ ಬಾಗಿಲು ತೆಗೆ ಎಂದಷ್ಟೆ. ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಈ ನಗರವೂ ಅಷ್ಟನ್ನೇ ಹೇಳಿತು. ನಮ್ಮಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಯ ಆದೇಶಗಳು 2022ರ ಮಾರ್ಚ್ 31ಕ್ಕೆ ಮುಗಿದುವಂತೆ. ತಟ್ಟೆ ಬಡಿದ ದಿನ ಯಾವುದೆಂದು ಕೇಳಿದರೆ ಮಕ್ಕಳೂ ಹೇಳುತ್ತಾರೆ. ಈ ದಿನವನ್ನು ಯಾರಿಗಾದರೂ ಕೇಳಿ ನೋಡಿ.

ಸಂಜೆ ವಾಕಿಂಗಿಗೆ ಗೋಲ್ಡನ್ ಗೇಟ್ ಪಾರ್ಕಿಗೆ ಹೋದೆ. ಅಲ್ಲಿ ಕೆನೆಡಿ ಹೆಸರಿನ ರಸ್ತೆಯೊಂದಿದೆ. ಕೊರೋನಾ ಕಾಲದಲ್ಲಿ ಜನ ದೂರ ದೂರ ನಡೆಯಲೆಂದು ಕಾರುಗಳ ಓಡಾಟ ನಿಲ್ಲಿಸಿದ ರಸ್ತೆ. ಜನಕ್ಕೆ ಅದೆಷ್ಟು ರುಚಿಸಿತೆಂದರೆ 2022ರಲ್ಲಿ ವೋಟು ಹಾಕಿ ಕಾರು ಬೇಡವೇ ಬೇಡ ಎಂದರು. ಹೋಟೆಲುಗಳ ಮುಂದೆ ಪಾರ್ಕಿಂಗ್ ಜಾಗದಲ್ಲಿ ಹಲಗೆ ಹೊಡೆದು ಹಾಕಿದ ಮೇಜುಗಳೂ ಹಾಗೆಯೇ ಉಳಿದುಕೊಂಡಿವೆ. ಮಾರಿ ಹೋದರೂ ಅವಳು ಕಲಿಸಿದ ಚಾಳಿ ಉಳಿಯಿತು. ಪಕ್ಕದ ಮನೆಯ ಚೀನೀ ಅಜ್ಜಿ ಎಂದಿನಂತೆ ಮಾಸ್ಕ್ ಹಾಕಿಕೊಂಡೇ ಎದುರಾದರು. ನಾನೂ ಹಾಕಿದ್ದೆ. ನಮ್ಮಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು; ತಲೆಯಾಡಿಸಿದೆವು.

ಮನೆಗೆ ಬಂದು ಒಂದು ಪಾತ್ರೆ ಹಾಲು ಒಲೆಗಿಟ್ಟೆ. ಸುರುಳಿ ಕಾಯುವ ಕರೆಂಟು ಒಲೆ. ಅಜ್ಜಿಯನ್ನು ನೆನೆದು, ಅಣ್ಣನನ್ನು ನೆನೆದು, ಉಕ್ಕಲಿ ಎಂದು ಬಿಟ್ಟೆ. ಉಕ್ಕಿತು. ಕೆಂಪಗೆ ಕಾದ ಸುರುಳಿಯ ಮೇಲೆ ಹಾಲು ಸೀದು ಹೊಗೆಯೆದ್ದಿದ್ದೇ ತಡ, ಸೂರಿನಲ್ಲಿದ್ದ ಹೊಗೆಯ ಅಲಾರಂ ಕಿವಿ ಕಿತ್ತುಹೋಗುವ ಹಾಗೆ ಕೂಗತೊಡಗಿತು. ಮಗ ಮೀಟಿಂಗಿನಿಂದ ಎದ್ದು ಓಡಿಬಂದ. ಸೊಸೆ "ಅತ್ತೇ, ಏನಾಯ್ತು?" ಎನ್ನುತ್ತಾ ಸ್ಟೂಲು ಹತ್ತಿ ಟವೆಲ್ ಬೀಸಿದಳು. 1918ರ ಸೈರನ್ ನೆನಪಾಗಿ ನನಗೆ ನಗು ತಡೆಯಲಿಲ್ಲ. ಒಲೆ ತಿಕ್ಕಲು ಅರ್ಧ ಗಂಟೆ ಹಿಡಿಯಿತು.

ಏಪ್ರಿಲಿನಲ್ಲಿ ಶಿವಮೊಗ್ಗಕ್ಕೆ ವಾಪಸ್ಸಾದೆ. ಪೆನ್ಷನ್ ಕೆಲಸಕ್ಕೆ ನಮ್ಮ ಬ್ಯಾಂಕಿಗೆ ಹೋದರೆ, ಬಾಗಿಲ ಮೇಲೆ "ಮಾಸ್ಕ್ ಧರಿಸದವರಿಗೆ ಪ್ರವೇಶವಿಲ್ಲ" ಎಂಬ ಬೋರ್ಡು, ಒಂದು ಮೂಲೆ ಕಿತ್ತುಬಂದು, ಹಾಗೆಯೇ ಇದೆ. ಅದರ ಕೆಳಗೆ ಮಾಸ್ಕಿಲ್ಲದ ಗಾರ್ಡು ಮಾಸ್ಕಿಲ್ಲದ ನಮಗೆಲ್ಲ ಟೋಕನ್ ಕೊಡುತ್ತಾನೆ. ಮ್ಯಾನೇಜರ್ ಸಾಹೇಬರೇ, ಈ ಪ್ರಬಂಧ ತಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಅದನ್ನು ಇಳಿಸಿ. ಸ್ಟೂಲು ಬೇಕಿದ್ದರೆ ನಮ್ಮ ಮನೆಯಿಂದ ತರುತ್ತೇನೆ.