ಸೆರಗು ಬಾಯಿಗೆ ಅಡ್ಡ ಬಂದಾಗ

ಸೋದರಿಯರೇ, ಅಡಿಗೆ, ಹೊಲಿಗೆ, ಮಕ್ಕಳ ಕೆಮ್ಮು ಇವುಗಳ ಬಗ್ಗೆ ನಾವು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇವೆ. ಬಾಯಿವಾಸನೆ ಎಂದರೆ ಮಾತ್ರ ಎಲ್ಲರಿಗೂ ಸಂಕೋಚ. ಎಷ್ಟೋ ಸಲ ಇರುವವರಿಗೆ ಗೊತ್ತಾಗುವುದಿಲ್ಲ, ಗೊತ್ತಾದವರು ಹೇಳುವುದಿಲ್ಲ. ಸದಾ ಜೊತೆಗಿರುವ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ ನೋಡಿ.

ನಾವಿರುವುದು ಮೈಸೂರಿನ ಲಕ್ಷ್ಮೀಪುರಂನಲ್ಲಿ. ನನ್ನ ಓರಗಿತ್ತಿ ನನಗಿಂತ ದೊಡ್ಡವರು, ಅಕ್ಕ ಎಂದೇ ಕರೆಯುತ್ತೇನೆ. ಬಹಳ ಅಚ್ಚುಕಟ್ಟು. ದಿನಕ್ಕೆರಡು ಸಲ ಹಲ್ಲುಜ್ಜುವವರು. ಆದರೂ ಒಂದೆರಡು ವರ್ಷದಿಂದ ಮಾತಾಡುವಾಗ ಸೆರಗು ಬಾಯಿಗೆ ಅಡ್ಡ ಬರತೊಡಗಿತು. ಅರಿಶಿನ ಕುಂಕುಮಕ್ಕೆ ಕರೆದರೆ ತಲೆನೋವು ಅನ್ನೋರು. ಭಾವನವರು ಏನೋ ಅಂದಿದ್ದರಂತೆ, ಅದೂ ಮಕ್ಕಳ ಎದುರಿಗೇ. ಅಂದಿನಿಂದ ಬಾಯಲ್ಲಿ ಸದಾ ಲವಂಗ, ಏಲಕ್ಕಿ, ಇಲ್ಲವೇ ಎಲೆ ಅಡಿಕೆ. ಇವು ವಾಸನೆಯನ್ನು ಮುಚ್ಚುತ್ತವೆಯೇ ಹೊರತು ತೆಗೆಯುವುದಿಲ್ಲ. ಅಡಿಕೆಯಂತೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಒಂದು ಮಧ್ಯಾಹ್ನ ಹುರುಳಿಕಾಯಿ ಬಿಡಿಸುತ್ತಾ ನಾವಿಬ್ಬರೇ ಕೂತಿದ್ದಾಗ, "ಅಕ್ಕಾ, ಬೇಜಾರು ಮಾಡ್ಕೋಬೇಡಿ, ಒಂದ್ಸಲ ಹಲ್ಲು ತೋರಿಸ್ಕೊಂಡು ಬರೋಣ, ನಾನೂ ಬರ್ತೀನಿ" ಅಂದೆ. ಅವರ ಕಣ್ಣು ತುಂಬಿತು. "ಗೊತ್ತು ಕಣೇ, ಏನು ಮಾಡಿದ್ರೂ ಹೋಗ್ತಿಲ್ಲ. ಯಾರನ್ನ ಕೇಳಲಿ?" ಅಂದರು.

ಬನ್ನಿಮಂಟಪದ ಜೆ.ಎಸ್.ಎಸ್. ದಂತ ಕಾಲೇಜಿನ ಆಸ್ಪತ್ರೆಗೆ ಹೋದೆವು. ಉಜ್ಜುವಾಗ ರಕ್ತ ಬರುತ್ತದೆಯೇ ಎಂದು ಡಾಕ್ಟರಮ್ಮ ಕೇಳಿದರು. "ಅದು ಎಲ್ಲರಿಗೂ ಇದ್ದದ್ದೇ ಅಲ್ವಾ?" ಅಂದರು ಅಕ್ಕ. ಅಲ್ಲವಂತೆ. ರಕ್ತ ಬರುವ ಒಸಡು ಊದಿದ ಒಸಡು. ಹಲ್ಲಿನ ಬುಡದಲ್ಲಿ ಪಾಚಿ ಗಟ್ಟಿಯಾಗಿ ಕಲ್ಲಿನಂತೆ ಕೂತಿತ್ತು. ಎಲ್ಲ ನೋಡಿ ಅವರು ಕೊನೆಗೆ ಬರೆದುಕೊಟ್ಟದ್ದು ಸಕ್ಕರೆ ಪರೀಕ್ಷೆ! ಬರೀಹೊಟ್ಟೆಯಲ್ಲಿ 100ರೊಳಗಿರಬೇಕು, 126 ದಾಟಿದರೆ ಸಕ್ಕರೆ ಕಾಯಿಲೆ. ಅಕ್ಕನದು 190. ಸಕ್ಕರೆ ಹೆಚ್ಚಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಹಲ್ಲಿಗೆಂದು ಹೋಗಿರದಿದ್ದರೆ ಅದಿನ್ನೆಷ್ಟು ದಿನ ಒಳಗೇ ಇರುತ್ತಿತ್ತೋ.

ಹೊಟ್ಟೆ ಸರಿಯಿಲ್ಲದೆ ಬಾಯಿ ನಾರುತ್ತದೆಂದು ನಮ್ಮ ಹಿರಿಯರು ಅನ್ನುತ್ತಿದ್ದರಲ್ಲ, ಬಹುಮಟ್ಟಿಗೆ ಅದರ ಮೂಲ ಬಾಯಲ್ಲೇ ಇರುತ್ತದೆ. ನಾಲಿಗೆಯ ಹಿಂಭಾಗದಲ್ಲಿ, ಹಲ್ಲಿನ ಸಂದುಗಳಲ್ಲಿ ಕೂತ ಸೂಕ್ಷ್ಮಜೀವಿಗಳು ಆಹಾರದ ಚೂರುಗಳನ್ನು ಕೊಳೆಸಿ ಗಂಧಕದ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯೂ ಅದೇ. ಅದನ್ನು ತೊಳೆಯುವುದು ಎಂಜಲು. ನಿದ್ದೆಯಲ್ಲಿ ಎಂಜಲು ಕಡಿಮೆ, ಹಾಗಾಗಿ ಬೆಳಗಿನ ವಾಸನೆ ಎಲ್ಲರಿಗೂ ಉಂಟು. ಏಕಾದಶಿಯ ಉಪವಾಸದಲ್ಲೂ ಹಾಗೇ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕೆಲವರಿಗೆ ಬಾಯಿ ಒಣಗುತ್ತದೆ, ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಒಣಗುತ್ತದೆ. ಆಗಾಗ ಗುಟುಕು ನೀರು ಕುಡಿಯಿರಿ. ಬೆಳ್ಳುಳ್ಳಿಯ ಕಥೆಯೇ ಬೇರೆ. ಅದು ರಕ್ತ ಸೇರಿ ಉಸಿರಿನಲ್ಲಿ ಬರುತ್ತದೆ, ಎಷ್ಟು ಉಜ್ಜಿದರೂ ಹೋಗದು, ತಾನಾಗಿಯೇ ಇಳಿಯಬೇಕು.

ಅಕ್ಕನಿಗೆ ಮೂರು ಸಲ ಕರೆಸಿ ಹಲ್ಲಿನ ಬುಡ ಶುಚಿ ಮಾಡಿದರು. ಹಾಗೆ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂದು ನೆರೆಯವರು ಹೆದರಿಸಿದ್ದರು. ಸಡಿಲ ಮಾಡುವುದು ಒಸಡಿನ ಕಾಯಿಲೆ. ಕಲ್ಲು ತೆಗೆದಾಗ ಸಂದು ಕಾಣುತ್ತದೆ, ಅಷ್ಟೇ. ನಂಜನಗೂಡಿನ ಹಲ್ಲುಪುಡಿಯನ್ನು ಬೆರಳಲ್ಲಿ ಉಜ್ಜಿ ಬೆಳೆದವರು ನಾವು. ಆ ಘಮ ಇವತ್ತಿಗೂ ಇಷ್ಟ, ಆದರೆ ಬೆರಳು ಸಂದಿಗೆ ಹೋಗುವುದಿಲ್ಲವಲ್ಲ. ಈಗ ಅಕ್ಕ ಮೆದು ಬ್ರಷ್ಷಿನಲ್ಲಿ ಉಜ್ಜಿ, ರಾತ್ರಿ ಸಂದುಗಳಿಗೆ ಹಲ್ಲಿನ ದಾರ ಆಡಿಸಿ, ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಮೆತ್ತಗೆ ಹೆರೆದು ಮಲಗುತ್ತಾರೆ. ಸಕ್ಕರೆಗೆ ಮಾತ್ರೆ ನಡೆದಿದೆ. ಎಲೆ ಅಡಿಕೆ ಬಿಟ್ಟಿದ್ದಾರೆ. ಕಟ್ಟಿಸಿದ ಹಲ್ಲಿರುವ ಹಿರಿಯರು ಮನೆಯಲ್ಲಿದ್ದರೆ ರಾತ್ರಿ ಅದನ್ನು ತೆಗೆದು, ಉಜ್ಜಿ, ನೀರಿನಲ್ಲಿಡಲು ಹೇಳಿ. ಇಷ್ಟೆಲ್ಲ ಮಾಡಿಯೂ ಹೋಗದಿದ್ದರೆ ಗಂಟಲು, ಮೂಗಿನ ಡಾಕ್ಟರಿಗೆ ತೋರಿಸಿ.

ಈ ಸಲದ ಗೌರಿ ಹಬ್ಬದಲ್ಲಿ ಬಾಗಿನ ಕೊಡಲು ಅಕ್ಕನೇ ನಾಲ್ಕು ಮನೆಗೆ ಹೋಗಿಬಂದರು. ಭಾವನವರಿಗೂ ಒಮ್ಮೆ ಹಲ್ಲು ತೋರಿಸಿಕೊಳ್ಳಿ ಎಂದು ಹೇಳಿದ್ದೇವೆ. ಅವರು ಇನ್ನೂ ಹೊರಟಿಲ್ಲ.