ತೆಂಗಿನ ಸೀಮೆಗೆ ಒಂದು ದಿನದ ಕಾರು

ಕಾರನ್ನು ಕೊಂಡು ಸಾಕುವುದೆಂದರೆ ಇನ್ನೊಂದು ಸಂಸಾರವನ್ನು ಹೂಡಿದಂತೆ. ಅದಕ್ಕೆ ಪೆಟ್ರೋಲು ಬೇಕು, ವಿಮೆ ಬೇಕು, ಕಾಲಕಾಲಕ್ಕೆ ರಿಪೇರಿ ಬೇಕು, ನಿಲ್ಲಲು ನೆರಳು ಬೇಕು. ವರ್ಷಕ್ಕೆ ನಾಲ್ಕೈದು ದಿನ ಮಾತ್ರ ಕಾರಿನ ಅಗತ್ಯ ಬೀಳುವ ಮಧ್ಯಮ ವರ್ಗದ ಮನೆಗೆ ಇದು ಹೊರೆಯೇ ಸರಿ. ಹಾಗೆಂದು ಆ ನಾಲ್ಕೈದು ದಿನಗಳ ಅಗತ್ಯವೇನೂ ಸುಳ್ಳಲ್ಲ. ಮನೆದೇವರಿಗೆ ಹೋಗಬೇಕು, ಹಿರಿಯರಿಗೆ ಹುಟ್ಟಿದ ಊರನ್ನು ತೋರಿಸಬೇಕು, ಮಕ್ಕಳಿಗೆ ತಾತ ಮುತ್ತಾತಂದಿರ ತೋಟವೆಂದರೆ ಏನೆಂಬುದನ್ನು ತಿಳಿಸಬೇಕು. ಬಾಡಿಗೆಯನ್ನು ವಿಚಾರಿಸಿ, ಅಂಕಿಯನ್ನು ಕೇಳಿ ಬೆಚ್ಚಿ, “ಮುಂದಿನ ಬೇಸಗೆಗೆ ನೋಡೋಣ” ಎಂದು ಸುಮ್ಮನಾಗುವ ಮನೆಗಳು ಬೆಂಗಳೂರಿನಲ್ಲಿ ಎಷ್ಟಿಲ್ಲ! ಮಕ್ಕಳಿಗೆ ಎಷ್ಟೋ ಬೇಸಗೆಗಳಿವೆ. ಎಪ್ಪತ್ತೈದು ದಾಟಿದವರಿಗೆ ಅವು ಅಷ್ಟಿಲ್ಲ.

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಕಲ್ಪತರು ನಾಡೆಂದು ಹೆಸರು ಪಡೆದಿವೆ. ಈ ನಾಡನ್ನು ನೋಡಬೇಕೆನ್ನುವವರಿಗೆ ಒಂದು ವಿಚಿತ್ರವಾದ ತೊಡಕು ಎದುರಾಗುತ್ತದೆ. ಮೂರು ಪಟ್ಟಣಗಳಿಗೂ ಬಸ್ಸುಗಳಿವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಹಣವೂ ಇಲ್ಲ. ಇದಕ್ಕಿಂತ ಅಗ್ಗದ ಪ್ರಯಾಣ ಯಾವುದು? ಆದರೆ ಕಾಣಬೇಕಾದುದೆಲ್ಲ ಪಟ್ಟಣದಲ್ಲಿಲ್ಲ. ಹೆದ್ದಾರಿಯಿಂದ ಒಳಗೆ ಹೋದ ಹಳ್ಳಿಗಳಲ್ಲಿದೆ. ಅಂತಹ ಕಡೆ ಒಂದು ಬಸ್ಸು ತಪ್ಪಿದರೆ ಇನ್ನೊಂದಕ್ಕಾಗಿ ಅರಳಿಕಟ್ಟೆಯ ಮೇಲೆ ಬಹಳ ಹೊತ್ತು ಕಾಯಬೇಕು. ಯುವಕರು ಕಾದಾರು, ಮಂಡಿನೋವಿನ ವೃದ್ಧರು ಕಾಯಲಾರರು. ಆದುದರಿಂದ ಕಾರು ಬೇಕು. ಎಷ್ಟು ಹೊತ್ತಿಗೆ ಬೇಕು, ಎಲ್ಲಿಂದ ಬೇಕು ಎಂಬುದರಲ್ಲೇ ಉಳಿತಾಯದ ಗುಟ್ಟಿದೆ.

ಲೆಕ್ಕದ ಪುಸ್ತಕ

ಬೆಂಗಳೂರಿನಿಂದ ತಿಪಟೂರಿಗೆ ರಸ್ತೆಯಲ್ಲಿ ಸುಮಾರು 140 ಕಿಲೋಮೀಟರು. ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಹೋಗಿ, ಕಿಬ್ಬನಹಳ್ಳಿ ಕ್ರಾಸಿನ ಮೇಲೆ ತುರುವೇಕೆರೆಗೆ ಇಳಿದು, ನೊಣವಿನಕೆರೆಯ ದಾರಿಯಾಗಿ ಮರಳಿ ತಿಪಟೂರನ್ನು ಸೇರುವ ತ್ರಿಕೋನವು, ಅಕ್ಕಪಕ್ಕದ ಹಳ್ಳಿಗಳನ್ನೂ ಕೂಡಿಸಿದರೆ, ಹೆಚ್ಚು ಕಡಿಮೆ 110 ಕಿಲೋಮೀಟರು. ಈಗ ಲೆಕ್ಕಕ್ಕಾಗಿ ಬಾಡಿಗೆಯನ್ನು ಕಿಲೋಮೀಟರಿಗೆ 14 ರೂಪಾಯಿ, ಚಾಲಕರ ಬಾಟಾವನ್ನು ದಿನಕ್ಕೆ 500 ರೂಪಾಯಿ ಎಂದು ಇಟ್ಟುಕೊಳ್ಳೋಣ. ದರವು ಊರಿಂದೂರಿಗೆ ಬದಲಾದರೂ ಲೆಕ್ಕದ ರೀತಿ ಬದಲಾಗದು.

ಬೆಂಗಳೂರಿನಲ್ಲೇ ಕಾರು ಹಿಡಿದು ಒಂದೇ ದಿನದಲ್ಲಿ ಮುಗಿಸಿ ಬಂದರೆ ಓಟ 390 ಕಿಲೋಮೀಟರು. ಬಾಟಾ ಸೇರಿ 5,960 ರೂಪಾಯಿ. ತುಮಕೂರು ರಸ್ತೆಯ ಟೋಲು ಬೇರೆ. ಬೆಳಗಿನ ಜಾವ ಹೊರಟು ನಡುರಾತ್ರಿಗೆ ಮನೆ ಸೇರಬೇಕಾದೀತು. “ಆತುರವೇಕೆ, ಒಂದು ರಾತ್ರಿ ತಂಗೋಣ” ಎಂದಿರೋ, ಹೊರಊರಿನ ಬಾಡಿಗೆಗೆ ದಿನಕ್ಕೆ 250 ಕಿಲೋಮೀಟರಾದರೂ ಓಡಿದಂತೆ ಲೆಕ್ಕ ಹಿಡಿಯುವ ವಾಡಿಕೆ ಅಡ್ಡ ಬರುತ್ತದೆ. ಎರಡು ದಿನಕ್ಕೆ 500 ಕಿಲೋಮೀಟರು. ಎರಡು ದಿನದ ಬಾಟಾ ಸೇರಿ 8,000 ರೂಪಾಯಿ. ಓಡದೇ ಇದ್ದ 110 ಕಿಲೋಮೀಟರಿಗೂ ಹಣ ತೆತ್ತಂತಾಯಿತು!

ಚಾಲಕರಿಲ್ಲದ ಕಾರನ್ನು ಪಡೆದು ತಾವೇ ನಡೆಸುವುದು ಇನ್ನೊಂದು ದಾರಿ. ಇಲ್ಲಿ ಬಾಡಿಗೆಯ ಜೊತೆಗೆ ಠೇವಣಿ ಇಡಬೇಕು. ಪೆಟ್ರೋಲು ಒಳಗೊಂಡಿದೆಯೇ, ಇಷ್ಟೇ ಕಿಲೋಮೀಟರೆಂಬ ಮಿತಿಯುಂಟೇ ಎಂಬುದನ್ನು ಮೊದಲೇ ಓದಿಕೊಳ್ಳಬೇಕು. ಲೀಟರಿಗೆ 15 ಕಿಲೋಮೀಟರು ಓಡುವ ಕಾರಿಗೆ 390 ಕಿಲೋಮೀಟರಿಗೆ 26 ಲೀಟರು ಬೇಕು. ಲೀಟರಿಗೆ ನೂರು ರೂಪಾಯಿಯೆಂದರೂ 2,600 ರೂಪಾಯಿ ಪೆಟ್ರೋಲಿಗೇ ಹೋಯಿತು. ಇಪ್ಪತ್ತನಾಲ್ಕು ಗಂಟೆಯ ಬಾಡಿಗೆ 2,500 ಎಂದು ಹಿಡಿದರೆ ಒಟ್ಟು 5,100. ಮೊದಲ ದಾರಿಗಿಂತ ತುಸು ಅಗ್ಗವೇನೋ ಹೌದು. ಆದರೆ ಮನೆಯ ಯಜಮಾನನು ಆ ದಿನವೆಲ್ಲ ರಸ್ತೆಯನ್ನಲ್ಲದೆ ಬೇರೇನನ್ನೂ ಕಾಣನು.

ಇನ್ನು ರೈಲು. 1880ರ ದಶಕದಲ್ಲಿ ಹಾಕಿದ ಹಳಿಯ ದಾರಿ ಇಂದಿಗೂ ಬೆಂಗಳೂರಿನಿಂದ ತುಮಕೂರು, ಗುಬ್ಬಿಯ ಮೇಲೆ ತಿಪಟೂರಿಗೆ ಬಂದು ಅರಸೀಕೆರೆಗೆ ಸಾಗುತ್ತದೆ. ನಾಲ್ವರ ಹೋಗಿಬರುವ ಎರಡನೆಯ ದರ್ಜೆಯ ಟಿಕೆಟ್ಟಿಗೆಂದು ಧಾರಾಳವಾಗಿ ಸಾವಿರ ರೂಪಾಯಿ ತೆಗೆದಿಟ್ಟು, ತಿಪಟೂರಿನಲ್ಲಿ ಒಂದು ದಿನದ ಮಟ್ಟಿಗೆ 2,500 ರೂಪಾಯಿಗೆ ಕಾರು ಗೊತ್ತುಮಾಡಿಕೊಂಡರೆ ಒಟ್ಟು 3,500. ಎರಡು ದಿನದ ಬೆಂಗಳೂರು ಕಾರಿನ ಅರ್ಧಕ್ಕಿಂತಲೂ ಕಡಿಮೆ! ರೈಲು ಹೋಗುವ 280 ಕಿಲೋಮೀಟರಿಗೆ ಕಾರನ್ನು ಎಳೆದೊಯ್ಯದೆ, ರೈಲು ಹೋಗದ 110 ಕಿಲೋಮೀಟರಿಗೆ ಮಾತ್ರ ಅದನ್ನು ಪಡೆಯುವುದೇ ಇದರ ಮರ್ಮ. ರೈಲಿನ ಮೆಟ್ಟಿಲು ಹತ್ತಲಾಗದ ರೋಗಿಗಳಿದ್ದರೆ ಮಾತ್ರ ಮನೆಬಾಗಿಲಿಗೆ ಬರುವ ಕಾರೇ ಸರಿ; ಅಲ್ಲಿ ಹಣವನ್ನು ಎಣಿಸಬಾರದು.

ನಿಲ್ದಾಣದ ಹೊರಗೆ

ಕಳೆದ ಮಾಗಿಯಲ್ಲಿ ನಾವು ಹಿಡಿದುದು ಈ ಕೊನೆಯ ದಾರಿಯನ್ನೇ. ನಾನು, ನನ್ನಾಕೆ, ಮಗಳು, ಜೊತೆಗೆ ಎಪ್ಪತ್ತಾರು ವರ್ಷದ ನನ್ನ ಸೋದರತ್ತೆ. ಅತ್ತೆಯವರ ತೌರೂರು ತುರುವೇಕೆರೆಯ ಬಳಿಯ ಒಂದು ಹಳ್ಳಿ. ಅವರು ಅದನ್ನು ನೋಡಿ ಹನ್ನೊಂದು ವರ್ಷವಾಗಿತ್ತು.

ಗುಬ್ಬಿ, ನಿಟ್ಟೂರು ದಾಟುತ್ತಿದ್ದಂತೆ ಕಿಟಕಿಯ ಹೊರಗೆ ತೆಂಗಿನ ಸಾಲು ದಟ್ಟವಾಯಿತು. ‘ಸಂಪಿಗೆ ರೋಡ್’ ಎಂಬ ಪುಟ್ಟ ನಿಲ್ದಾಣ ಬಂತು. ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನು ತೆರೆದ ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದುದು ಈ ಸಂಪಿಗೆಯಲ್ಲಿ. ಅಲ್ಲಿಂದ ಅಮ್ಮಸಂದ್ರ, ಬಾಣಸಂದ್ರಗಳನ್ನು ಹಿಂದೆ ಹಾಕಿ ತಿಪಟೂರನ್ನು ಸೇರಿದೆವು.

ನಿಲ್ದಾಣದ ಹೊರಗೆ ಹಳದಿ ಫಲಕದ ಕಾರೊಂದರ ಬಳಿ ನಿಂತಿದ್ದ ಚಾಲಕರನ್ನು ಮಾತನಾಡಿಸಿದೆ.

“ಚಿಕ್ಕನಾಯಕನಹಳ್ಳಿ, ಅಲ್ಲಿಂದ ಅರಳಗುಪ್ಪೆ, ತುರುವೇಕೆರೆ, ನೊಣವಿನಕೆರೆ. ಸಂಜೆಗೆ ಇಲ್ಲಿಗೇ ವಾಪಸ್ಸು. ಏನು ಕೊಡಬೇಕಪ್ಪ?”

“ಮೂರು ಸಾವಿರ ಆಗುತ್ತೆ ಸಾರ್.”

ಅತ್ತೆಯವರು ಮುಂದೆ ಬಂದರು. “ಏನಪ್ಪಾ ಇದು, ನೂರು ಕಿಲೋಮೀಟರಿಗೆ ಮೂರು ಸಾವಿರವೇ? ನಾನೂ ಈ ಸೀಮೆಯವಳೇ ಕಣಪ್ಪ.”

“ಓಡೋದು ನೂರೇ ಇರಬಹುದಮ್ಮ. ಆದ್ರೆ ಗಾಡೀನ ಬೆಳಗಿಂದ ಸಂಜೇವರೆಗೂ ನಿಮ್ಮ ಗೂಟಕ್ಕೇ ಕಟ್ಟಿದ ಹಾಗಲ್ವೇ? ನಡುವೆ ಬೇರೆ ಬಾಡಿಗೆ ಬಂದ್ರೆ ನಾನು ಹೋಗೋ ಹಾಗಿಲ್ಲ.”

ಅತ್ತೆಯವರು ನಕ್ಕರು. ಆತನ ಮಾತಿನಲ್ಲಿ ನ್ಯಾಯವಿತ್ತು. ನಾವು ಕೊಳ್ಳುವುದು ಬರಿಯ ಕಿಲೋಮೀಟರನ್ನಲ್ಲ, ಒಬ್ಬ ಮನುಷ್ಯನ ಒಂದು ದಿನದ ದುಡಿಮೆಯನ್ನು. ಕೊನೆಗೆ ಎಲ್ಲ ಸೇರಿ ಎರಡೂವರೆ ಸಾವಿರಕ್ಕೆ ಒಪ್ಪಂದವಾಯಿತು. ಮಧ್ಯಾಹ್ನದ ಊಟ ನಮ್ಮೊಂದಿಗೆ.

ಒಪ್ಪುವ ಮೊದಲು ಕೇಳಿಕೊಳ್ಳಬೇಕಾದ ಕೆಲವು ಸಂಗತಿಗಳುಂಟು. ಕಿಲೋಮೀಟರಿನ ಎಣಿಕೆ ನಾವು ಹತ್ತಿದ ಜಾಗದಿಂದಲೋ, ಕಾರು ತನ್ನ ಶೆಡ್ಡನ್ನು ಬಿಟ್ಟಲ್ಲಿಂದಲೋ? ಕನಿಷ್ಠ ಓಟವೆಷ್ಟು? ಬಾಟಾ, ಟೋಲು, ನಿಲುಗಡೆಯ ಹಣ ಒಳಗೋ ಹೊರಗೋ? ಹೊತ್ತು ಮೀರಿದರೆ ಗಂಟೆಗೆಷ್ಟು? ಹೊರಡುವಾಗಿನ ಮೀಟರಿನ ಅಂಕಿಯನ್ನು ಚಾಲಕರ ಎದುರಿನಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಂಜೆಯ ವಾದಕ್ಕೆ ಎಡೆಯಿರದು. ಇನ್ನೊಂದು ಮಾತು: ಒಂದೇ ಕಡೆಯ ಪ್ರಯಾಣಕ್ಕೂ ಎರಡು ಕಡೆಯ ಬಾಡಿಗೆ ಕೇಳುವುದು ಅನ್ಯಾಯವೆಂದು ಕೋಪಿಸಿಕೊಳ್ಳುವವರಿದ್ದಾರೆ. ಕಾರು ಬರಿದಾಗಿ ಹಿಂದಿರುಗುವ ಖರ್ಚು ಅದು. ಇದನ್ನೇ ತಿರುಗಿಸಿ ನೋಡಿದರೆ ಲಾಭವೂ ಉಂಟು. ಬೆಂಗಳೂರಿನಿಂದ ಯಾರನ್ನೋ ಇಳಿಸಿ ಖಾಲಿಯಾಗಿ ಮರಳುವ ಗಾಡಿ ಸಿಕ್ಕಿದರೆ, ರೈಲು ತಪ್ಪಿದವರಿಗೆ ಅದು ಕಡಿಮೆ ಬಾಡಿಗೆಗೆ ಒದಗೀತು.

ಬಿಳಿ ಫಲಕದ ಆಸೆ

ಅಗ್ಗಕ್ಕೂ ಒಂದು ಎಲ್ಲೆಯಿದೆ. “ನಮ್ಮ ಪರಿಚಯದವರದು ಸ್ವಂತ ಕಾರಿದೆ, ಅರ್ಧ ದುಡ್ಡಿಗೆ ಬರುತ್ತಾರೆ” ಎಂಬ ಮಾತು ಎಲ್ಲ ಊರಿನಲ್ಲೂ ಕಿವಿಗೆ ಬೀಳುತ್ತದೆ. ಬಿಳಿಯ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ ಸಮ್ಮತಿಯಿಲ್ಲ. ಬಾಡಿಗೆಯ ವಾಹನಕ್ಕೆ ರಹದಾರಿ ಬೇಕು. ಅದರ ಫಲಕ ಹಳದಿ, ಅಕ್ಷರ ಕಪ್ಪು. ತಾವೇ ನಡೆಸುವ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ವಿದ್ಯುತ್ತಿನಿಂದ ಓಡುವ ಬಾಡಿಗೆ ಕಾರಿಗೆ ಹಸಿರು ಫಲಕದ ಮೇಲೆ ಹಳದಿ ಅಕ್ಷರ. ತಿಪಟೂರಿನಲ್ಲಿ ನೋಂದಾಯಿಸಿದ ಗಾಡಿಗಳಿಗೆ ಕೆಎ 44 ಎಂಬ ಗುರುತು.

ಬಿಳಿ ಫಲಕದವರು ಏಕೆ ಅಗ್ಗವೆಂದರೆ, ರಹದಾರಿ, ತೆರಿಗೆ, ಅರ್ಹತಾಪತ್ರ, ಹೆಚ್ಚಿನ ವಿಮೆ ಇವುಗಳ ಖರ್ಚನ್ನು ಅವರು ಹೊತ್ತಿರುವುದಿಲ್ಲ. ಖಾಸಗಿ ಕಾರಿನ ವಿಮೆಯು ಬಾಡಿಗೆಯ ಓಟಕ್ಕೆ ಅನ್ವಯಿಸದು. ದಾರಿಯಲ್ಲಿ ಅಪಘಾತವಾದರೆ ಪರಿಹಾರವು ತಕರಾರಿಗೆ ಬೀಳುತ್ತದೆ. ಒಂದು ಸಾವಿರ ಉಳಿಸಿದವರು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ನೆಂಟರಿಷ್ಟರಿಂದ ಬಾಡಿಗೆಯಿಲ್ಲದೆ ಎರವಲು ಪಡೆದ ಕಾರಿನ ಮಾತು ಬೇರೆ. ಆದರೆ ಅದರ ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಿಯೇ ಹೊರಡಬೇಕು. ಪೆಟ್ರೋಲು ತುಂಬಿಸಿ, ತೊಳೆಸಿ ಹಿಂದಿರುಗಿಸಬೇಕು.

ಹಾಗೆಯೇ ಬಾಟಾ ಉಳಿಸಲೆಂದು ನಿದ್ದೆಗೆಟ್ಟ ಚಾಲಕರಿಂದ ರಾತ್ರಿಯೇ ಬೆಂಗಳೂರಿಗೆ ಓಡಿಸುವುದೂ ಉಳಿತಾಯವಲ್ಲ. ಅದು ಎಲ್ಲರ ಪ್ರಾಣವನ್ನು ಪಣಕ್ಕಿಡುವುದು.

ತ್ರಿಕೋನದ ಒಳಗೆ

ಚಿಕ್ಕನಾಯಕನಹಳ್ಳಿಯ ರಸ್ತೆಯ ಎರಡು ಬದಿಯಲ್ಲಿಯೂ ತೋಟಗಳು. ಹಾಗಲವಾಡಿಯ ಪಾಳೆಯಗಾರರ ಕಾಲದ ಈ ಪಟ್ಟಣ ಹಿಂದೆ ನೇಯ್ಗೆಗೆ ಹೆಸರಾಗಿತ್ತು. ಈ ತಾಲ್ಲೂಕಿನ ತೀರ್ಥಪುರದಲ್ಲಿಯೇ 1906ರಲ್ಲಿ ತೀ.ನಂ. ಶ್ರೀಕಂಠಯ್ಯನವರು ಹುಟ್ಟಿದರು. ದಾರಿಯಲ್ಲಿ ಒಂದು ತೋಟದ ಮನೆಯ ಮುಂದೆ ಕಾರು ನಿಲ್ಲಿಸಿ ನೀರು ಕೇಳಿದೆವು, ಎಳನೀರೇ ಬಂತು. ಆ ಮನೆಯ ಅಟ್ಟದ ತುಂಬ ಸಿಪ್ಪೆಸಹಿತ ಕಾಯಿಗಳು. ಹತ್ತು ಹನ್ನೆರಡು ತಿಂಗಳು ಹಾಗೇ ಇಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪನ್ನು ಬಿಡುತ್ತದೆ. ಅತ್ತೆಯವರು ಒಂದು ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ ಮೊಮ್ಮಗಳಿಗೆ ಕೊಟ್ಟರು. “ಕೇಳಿದೆಯಾ? ಗುಂಡು ಬಿಟ್ಟಿದೆ. ಇನ್ನು ಸುಲಿಯಬಹುದು.” ಹೀಗೆ ಹೊರಬರುವ ಉಂಡೆ ಕೊಬ್ಬರಿಯೇ ತಿಪಟೂರಿನ ಮಾರುಕಟ್ಟೆಯ ಕೀರ್ತಿ, ಅಲ್ಲಿಂದ ಅದು ಉತ್ತರ ಹಿಂದೂಸ್ಥಾನಕ್ಕೆ ಹೋಗುತ್ತದೆ. ಕಾರು ನಮ್ಮದಾಗಿದ್ದುದರಿಂದಲೇ ಇಲ್ಲಿ ನಿಲ್ಲಲು ಸಾಧ್ಯವಾಯಿತು, ಬಸ್ಸು ನಿಲ್ಲುತ್ತಿರಲಿಲ್ಲ.

73 ಮತ್ತು 150ಎ ಹೆದ್ದಾರಿಗಳು ಕೂಡುವ ಕಿಬ್ಬನಹಳ್ಳಿ ಕ್ರಾಸಿನಿಂದ ತುಸು ಬಳಸಿದರೆ ಅರಳಗುಪ್ಪೆ. ಅಲ್ಲಿನ ಕಲ್ಲೇಶ್ವರ ಗುಡಿ ಒಂಬತ್ತನೆಯ ಶತಮಾನದ್ದು. ಚಾವಣಿಯಲ್ಲಿ ನರ್ತಿಸುವ ಶಿವ, ಸುತ್ತ ಎಂಟು ದಿಕ್ಪಾಲಕರು. ಕತ್ತೆತ್ತಿ ನೋಡಿ ನೋಡಿ ಕೊರಳು ನೊಂದರೂ ಕಣ್ಣು ತಣಿಯದು. ಅದೇ ಊರಿನಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳ ಶೈಲಿಯ ಚೆನ್ನಕೇಶವ ದೇವಾಲಯವೂ ಇದೆ. ತುರುವೇಕೆರೆಯಲ್ಲಿ ಮೂಲೆ ಶಂಕರೇಶ್ವರ, ಬೇಟೆರಾಯಸ್ವಾಮಿ, ಗಂಗಾಧರೇಶ್ವರರ ಗುಡಿಗಳು. ಗಂಗಾಧರೇಶ್ವರನ ಮುಂದಿನ ದೊಡ್ಡ ಕರಿಯ ನಂದಿಯ ಮೈ ಕನ್ನಡಿಯಂತೆ ನುಣುಪು.

ಅತ್ತೆಯವರ ಹಳ್ಳಿಯಲ್ಲಿ ಹಳೆಯ ಮನೆ ಇರಲಿಲ್ಲ. ಆ ಜಾಗದಲ್ಲಿ ತಾರಸಿಯ ಮನೆ ಎದ್ದಿತ್ತು. ಹಿತ್ತಿಲಿನ ಎರಡು ತೆಂಗಿನ ಮರಗಳನ್ನು ಮಾತ್ರ ಅವರು ಗುರುತಿಸಿದರು. ಅವರ ತಂದೆಯವರು ನೆಟ್ಟವು. ಮುಕ್ಕಾಲು ಗಂಟೆ ಅಲ್ಲಿ ಕುಳಿತರು. ಚಾಲಕರು ಒಮ್ಮೆಯೂ ಹಾರನ್ನು ಬಾರಿಸಲಿಲ್ಲ. ಆ ಮುಕ್ಕಾಲು ಗಂಟೆಯ ಬೆಲೆಯನ್ನು ಯಾವ ಮೀಟರಿನಲ್ಲಿ ಅಳೆಯುವುದು? ನೊಣವಿನಕೆರೆಯ ಕೆರೆಯ ಮೇಲೆ ಬಿಸಿಲು ಇಳಿಯುವ ಹೊತ್ತಿಗೆ ತಿಪಟೂರಿನ ದಾರಿ ಹಿಡಿದೆವು.

ಈ ನಾಡಿಗೆ ಹೊರಡುವವರು ಮೊದಲು ಹಿಂದಿರುಗುವ ರೈಲಿನ ಹೊತ್ತನ್ನು ನೋಡಿಕೊಳ್ಳಬೇಕು. ಅದಕ್ಕೆ ಒಂದು ಗಂಟೆ ಮುಂಚಿತವಾಗಿ ಕಾರಿನ ದಿನ ಮುಗಿಯುವಂತೆ ಊರುಗಳನ್ನು ಆರಿಸಿಕೊಳ್ಳಬೇಕು. ಮದುವೆಯ ಮುಹೂರ್ತಗಳು ಒತ್ತೊತ್ತಾಗಿರುವ ದಿನಗಳನ್ನು ಬಿಟ್ಟರೆ ಕಾರೂ ಸುಲಭವಾಗಿ ದೊರೆತೀತು. ಎತ್ತರದ ತಳಿಯ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಗಿಡ ನೆಟ್ಟವರು ಅಷ್ಟು ಕಾಯಬಲ್ಲರು. ಮನೆಯ ಹಿರಿಯರನ್ನು ಹಾಗೆ ಕಾಯಿಸುವುದು ತರವಲ್ಲ. ಮೂರೂವರೆ ಸಾವಿರದಲ್ಲಿ ಆಗುವ ಕೆಲಸವನ್ನು ಎಂಟು ಸಾವಿರದ ಅಂಜಿಕೆಯಿಂದ ಮುಂದೂಡದಿರುವುದು ಮೇಲು.